ಟೇಕಾಫ್ ಆದ ಮೇಲೆ ಒಂದು ಗಂಟೆ ಸುತ್ತಿದೆವು, ಕ್ಯಾಪ್ಟನ್ ಯಾಕೆ ಅಷ್ಟು ಹೊತ್ತು ಮಾತಾಡಲಿಲ್ಲ?

ಸಾಗರದ ಮಗಳು:

ಎಲ್ಲರಿಗೂ ನಮಸ್ಕಾರ. ವಿಮಾನದ ಒಳಗಿನ ಕೆಲಸ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರಿಸಿ.

ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದೆ, ಅಣ್ಣನ ಮನೆಗೆ. ಅಮ್ಮನಿಗೆ ಅದು ಮೊದಲ ವಿಮಾನ. ಕಂಪನಿಯ ಹೆಸರು ಇಲ್ಲಿ ಬೇಡ, ವಿಮಾನ ಏರ್‌ಬಸ್ ಎ320. ಮೇಲೇರಿ ಸ್ವಲ್ಪ ಹೊತ್ತಿಗೇ ಏರುವುದು ನಿಂತಿತು. ಎಡಕ್ಕೆ ವಾಲಿತು, ನೇರವಾಯಿತು, ಮತ್ತೆ ಎಡಕ್ಕೆ ವಾಲಿತು. ಕಿಟಕಿಯಲ್ಲಿ ಅದೇ ಕೆರೆ ಮತ್ತೆ ಮತ್ತೆ ಕಾಣತೊಡಗಿದಾಗ ನನಗೆ ಅನುಮಾನ ಬಂತು. ಸೀಟ್‌ಬೆಲ್ಟ್ ದೀಪ ಆರಲೇ ಇಲ್ಲ, ಊಟದ ಗಾಡಿ ಹೊರಗೆ ಬರಲಿಲ್ಲ. ಟಿಂಗ್ ಎಂದು ಒಂದು ಸದ್ದಾಯಿತು. ಮುಂದೆ ಕೂತಿದ್ದ ಗಗನಸಖಿ ಫೋನ್ ಎತ್ತಿ ಬಹಳ ಹೊತ್ತು ಕೇಳಿಸಿಕೊಂಡರು, ಏನನ್ನೋ ಬರೆದುಕೊಂಡರು, ಓದಿ ಹೇಳಿದ ಹಾಗೆಯೂ ಕಂಡಿತು. ಆಮೇಲೆ ಎದ್ದು ನಗುಮುಖದಲ್ಲೇ ಹಿಂದಕ್ಕೆ ನಡೆದುಹೋದರು.

ಕ್ಯಾಪ್ಟನ್ ದನಿ ಕೇಳಿಸಿದ್ದು ಸುಮಾರು ಇಪ್ಪತ್ತು ನಿಮಿಷ ಕಳೆದ ಮೇಲೆ. ತಾಂತ್ರಿಕ ತೊಂದರೆ ಇದೆ, ಬೆಂಗಳೂರಿಗೇ ವಾಪಸ್ ಇಳಿಯುತ್ತೇವೆ, ಅದಕ್ಕೆ ಮುಂಚೆ ಸ್ವಲ್ಪ ಹೊತ್ತು ಸುತ್ತಬೇಕು ಎಂದರು. ಅಷ್ಟೆ. ಒಂದು ಗಂಟೆಗೂ ಮಿಕ್ಕಿ ಸುತ್ತಿದೆವು. ಇಳಿಯುವ ಮುಂಚೆ ಕಾಲಡಿಯಲ್ಲಿ ದಡ್ ಎಂದು ಸದ್ದಾಗಿ, ಆಮೇಲೆ ನೆಲ ಮುಟ್ಟುವವರೆಗೂ ಗಾಳಿ ಹೋ ಎಂದು ಮೊರೆಯುತ್ತಲೇ ಇತ್ತು. ರನ್‌ವೇ ಪಕ್ಕ ಅಗ್ನಿಶಾಮಕ ಗಾಡಿಗಳು ಸಾಲಾಗಿ ನಿಂತಿದ್ದವು. ವಿಮಾನ ರನ್‌ವೇ ಮೇಲೆಯೇ ನಿಂತುಬಿಟ್ಟಿತು. ಟ್ರ್ಯಾಕ್ಟರ್ ಬಂದು ಎಳೆದುಕೊಂಡು ಹೋಯಿತು. ಪಕ್ಕದವರು 'ಹೈಡ್ರಾಲಿಕ್ ಪ್ರಾಬ್ಲಂ ಅಂತೆ' ಎಂದರು, ನನಗೆ ಗೊತ್ತಿರುವುದು ಇಷ್ಟೇ.

ಅಮ್ಮ ಅಷ್ಟೂ ಹೊತ್ತು ನನ್ನ ಕೈ ಹಿಡಿದುಕೊಂಡು ಸಿಗಂದೂರು ಚೌಡೇಶ್ವರಿಯ ಹೆಸರು ಹೇಳುತ್ತಿದ್ದರು. ಈಗ ವಿಮಾನ ಅಂದರೆ ಸಾಕು, ಬೇಡವೇ ಬೇಡ ಅಂತಾರೆ. 'ಅವರು ನಗುನಗುತ್ತಲೇ ನಮ್ಮಿಂದ ಏನನ್ನೋ ಮುಚ್ಚಿಟ್ಟರು. ಅಷ್ಟು ತೊಂದರೆ ಇದ್ದರೆ ತಕ್ಷಣ ಇಳಿಸಬೇಕಿತ್ತು ತಾನೆ? ಮೇಲೆ ಯಾಕೆ ಸುತ್ತಿಸಿದರು?' ಎಂದು ಕೇಳುತ್ತಾರೆ. ನನಗೂ ಉತ್ತರ ಗೊತ್ತಿಲ್ಲ. ಆ ಇಪ್ಪತ್ತು ನಿಮಿಷ ಬಾಗಿಲ ಆಚೆ ಅವರು ಏನು ಮಾಡುತ್ತಿದ್ದರು?

---

ರಘು, ದಾವಣಗೆರೆ:

ಸುತ್ತಿಸಿದ್ದು ಇಂಧನ ಖರ್ಚು ಮಾಡುವುದಕ್ಕೆ. 2024ರ ಅಕ್ಟೋಬರ್ 11ರಂದು ತಿರುಚ್ಚಿಯಿಂದ ಶಾರ್ಜಾಕ್ಕೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬೋಯಿಂಗ್ 737ರಲ್ಲೂ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ಚಕ್ರ, ಬ್ರೇಕು ನಡೆಸುವ ವ್ಯವಸ್ಥೆ, ಕೈಕೊಟ್ಟಿತ್ತು. ಒಳಗೆ ಸುಮಾರು 140 ಜನ. ಎರಡು ಗಂಟೆಗೂ ಹೆಚ್ಚು ಹೊತ್ತು ಊರಿನ ಮೇಲೆಯೇ ಸುತ್ತಿ, ಕೊನೆಗೆ ಸುರಕ್ಷಿತವಾಗಿ ಇಳಿಯಿತು. ಟಿವಿಯವರು ಅಷ್ಟೂ ಹೊತ್ತು ನೇರಪ್ರಸಾರ ಮಾಡಿ ನೋಡುವವರ ಎದೆ ಹಾರಿಸಿದ್ದರು. ಒಳಗಿದ್ದ ಪೈಲಟ್‌ಗಳು ಮಾತ್ರ ತಮ್ಮ ಕೆಲಸ ಅಚ್ಚುಕಟ್ಟಾಗಿ ಮುಗಿಸಿದರು. ನಿಮ್ಮದೂ ಅಂಥದ್ದೇ ಇರಬೇಕು. ಹೆಚ್ಚಿನದನ್ನು 'ಮೂರನೇ ಸೀಟು' ಸರ್ ಹೇಳಲಿ, ಅವರು ಅಲ್ಲೇ ಕೂತು ಬಂದವರು.

---

ಮೂರನೇ ಸೀಟು:

ತಂಗಿ, ನಿಮ್ಮ ಪ್ರಶ್ನೆಯನ್ನು ನಿಧಾನವಾಗಿ ಓದಿದೆ. ಅಮ್ಮನವರಿಗೂ ಓದಿ ಹೇಳಿ.

ನಾನು ಫ್ಲೈಟ್ ಇಂಜಿನಿಯರ್ ಆಗಿದ್ದವನು, ಊರು ಧಾರವಾಡ. ಹಳೆಯ ಏರ್‌ಬಸ್ ಎ300 ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್, ಕೋಪೈಲಟ್ ಬಿಟ್ಟು ಮೂರನೆಯವನೊಬ್ಬ ಇರುತ್ತಿದ್ದ. ಅವನ ಮುಂದೆ ಗೋಡೆಯಗಲದ ಪ್ಯಾನೆಲ್: ಇಂಧನ, ಹೈಡ್ರಾಲಿಕ್, ವಿದ್ಯುತ್, ಕ್ಯಾಬಿನ್ ಒತ್ತಡ ಎಲ್ಲದರ ಮೀಟರುಗಳು, ಸ್ವಿಚ್ಚುಗಳು. ಅವನ್ನು ನೋಡಿಕೊಳ್ಳುವುದೇ ನನ್ನ ನೌಕರಿ.

ಮೊದಲು ಸುತ್ತಿದ ವಿಷಯ. ಎ320 ಅಥವಾ 737-800ರಂಥ ವಿಮಾನ ಸುಮಾರು 79 ಟನ್ ತೂಕದವರೆಗೆ ಮೇಲೇರಬಹುದು. ಇಳಿಯುವಾಗಿನ ಮಿತಿ ಮಾತ್ರ 66-67 ಟನ್ ಆಸುಪಾಸು. ದೊಡ್ಡ ವಿಮಾನಗಳಲ್ಲಿ ಹಲವಕ್ಕೆ ಇಂಧನವನ್ನು ಆಕಾಶದಲ್ಲೇ ಹೊರಬಿಡುವ ಸೌಲಭ್ಯ ಇರುತ್ತದೆ, ಇವೆರಡಕ್ಕೆ ಇಲ್ಲ. ಹಾಗಾಗಿ ಉರಿಸಿಯೇ ಕಳೆಯಬೇಕು. ಬೆಂಕಿ, ಹೊಗೆ ಇದ್ದರೆ ತೂಕ ನೋಡದೆ ಇಳಿಸುತ್ತಾರೆ, ಅದಕ್ಕೂ ಚೆಕ್‌ಲಿಸ್ಟ್ ಇದೆ. ಹೈಡ್ರಾಲಿಕ್ ಹೋದಾಗ ಲೆಕ್ಕವೇ ಬೇರೆ. ಬ್ರೇಕಿನ ಶಕ್ತಿ ಕಡಿಮೆಯಾಗಿರಬಹುದು, ನಿಧಾನವಾಗಿ ಇಳಿಯಲು ನೆರವಾಗುವ ರೆಕ್ಕೆಯ ಹಿಂಬದಿಯ ಹಲಗೆಗಳು, ಫ್ಲಾಪುಗಳು, ಪೂರ್ತಿ ಇಳಿಯದಿರಬಹುದು, ಆಗ ವೇಗವಾಗಿ ಇಳಿದು ದೂರ ಓಡಬೇಕಾಗುತ್ತದೆ. ವಿಮಾನ ಹಗುರವಾದಷ್ಟೂ ರನ್‌ವೇ ಉಳಿಯುತ್ತದೆ. ನಿಮ್ಮನ್ನು ಮೇಲೆ ಸುತ್ತಿಸಿದ ಒಂದು ಗಂಟೆ ನಿಮ್ಮ ಸುರಕ್ಷತೆಗೆ ಕೊಟ್ಟ ಸಮಯ.

ನೀವು ಕೇಳಿದ ದಡ್ ಸದ್ದು ಚಕ್ರ ಇಳಿದದ್ದು. ಎ320ರಲ್ಲಿ ಹಸಿರು, ಹಳದಿ, ನೀಲಿ ಎಂದು ಮೂರು ಹೈಡ್ರಾಲಿಕ್ ವ್ಯವಸ್ಥೆಗಳು. ಚಕ್ರ ಏರಿಸಿ ಇಳಿಸುವುದು ಹಸಿರು. ಅದು ಹೋದರೆ ಇಬ್ಬರು ಪೈಲಟ್‌ಗಳ ನಡುವೆ ಹಿಂಬದಿಯಲ್ಲಿ ಒಂದು ಮಡಚಿದ ಹಿಡಿಕೆ ಇದೆ. ಅದನ್ನು ಎಳೆದು ಮೂರು ಸುತ್ತು ತಿರುಗಿಸಿದರೆ ಕೊಂಡಿ ಬಿಟ್ಟು ಚಕ್ರಗಳು ತಮ್ಮ ಭಾರಕ್ಕೇ ಕೆಳಗೆ ಬೀಳುತ್ತವೆ. ಹಾಗೆ ಇಳಿಸಿದಾಗ ಚಕ್ರದ ಬಾಗಿಲುಗಳು ಮುಚ್ಚುವುದಿಲ್ಲ, ತೆರೆದೇ ಉಳಿಯುತ್ತವೆ. ಗಾಳಿ ಮೊರೆದದ್ದು ಅದಕ್ಕೆ. ಹಲವು ಎ320ಗಳಲ್ಲಿ ಮೂತಿಯ ಚಕ್ರವನ್ನು ತಿರುಗಿಸುವ ಸೌಲಭ್ಯವೂ ಹೋಗುತ್ತದೆ, ರನ್‌ವೇಯಿಂದ ಹೊರಳಲು ಆಗುವುದಿಲ್ಲ. ಅದಕ್ಕೇ ಟ್ರ್ಯಾಕ್ಟರ್. ನಿಮ್ಮ ಕ್ಯಾಪ್ಟನ್‌ಗೆ ಇಷ್ಟೂ ಮೇಲಿರುವಾಗಲೇ ಗೊತ್ತಿತ್ತು. ಟ್ರ್ಯಾಕ್ಟರ್ ಸಿದ್ಧವಿಡಿ ಎಂದು ಏಟಿಸಿಗೆ, ಅಂದರೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವವರಿಗೆ, ಮೊದಲೇ ಹೇಳಿರುತ್ತಾರೆ.

ಇನ್ನು ಆ ಇಪ್ಪತ್ತು ನಿಮಿಷ. ಇದರ ಬಗ್ಗೆ ನಾನು ಸ್ವಲ್ಪ ಉದ್ದಕ್ಕೆ ಹೇಳಬೇಕು.

ಏನಾದರೂ ಕೆಟ್ಟಾಗ ಕಾಕ್‌ಪಿಟ್‌ನಲ್ಲಿ ಆಗುವ ಮೊದಲ ಕೆಲಸ ಎಂದರೆ ಕೆಲಸ ಹಂಚಿಕೊಳ್ಳುವುದು. ಒಬ್ಬರು ವಿಮಾನ ಹಾರಿಸಬೇಕು, ಅವರಿಗೆ ಬೇರೆ ಕೆಲಸ ಇಲ್ಲ. ಇನ್ನೊಬ್ಬರು ತೊಂದರೆಯನ್ನು ನೋಡಬೇಕು. ನಾನು ಎ300ರಲ್ಲಿದ್ದಾಗ ಒಮ್ಮೆ ಹಸಿರು ವ್ಯವಸ್ಥೆಯ ಎಣ್ಣೆ ಸೋರಿತು. ಮೀಟರಿನ ಮುಳ್ಳು ನೋಡುನೋಡುತ್ತಿದ್ದಂತೆ ಕೆಳಗಿಳಿಯುತ್ತಿತ್ತು. ನಾನು ಹೇಳಿದ ತಕ್ಷಣ ಕ್ಯಾಪ್ಟನ್ ಸಾಹೇಬರು ಪಕ್ಕದ ಹುಡುಗನಿಗೆ 'ನೀನು ಹಾರಿಸು, ಎತ್ತರ ಬಿಡಬೇಡ' ಎಂದರು. ಹುಡುಗ 'ಕಂಟ್ರೋಲ್ಸ್ ನನ್ನವು' ಎಂದು ಬಾಯಿಬಿಟ್ಟು ಹೇಳುವವರೆಗೂ ತಮ್ಮ ಕೈ ತೆಗೆಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ 'ಓದಿ' ಎಂದರು.

ಚೆಕ್‌ಲಿಸ್ಟ್ ಓದುವುದಕ್ಕೂ ಒಂದು ಪದ್ಧತಿ ಇದೆ. ನಾನು ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದೆ. ಆ ಸಾಲಿನ ಕೆಲಸ ಆಗಿ, ಆದದ್ದು ಕಣ್ಣಿಗೆ ಕಂಡು, ಇಬ್ಬರೂ 'ಆಯಿತು' ಎಂದ ಮೇಲೆಯೇ ಬೆರಳು ಕೆಳಗಿನ ಸಾಲಿಗೆ. ನಡುವೆ ಏಟಿಸಿ ಕರೆದರೆ, ಕ್ಯಾಬಿನ್‌ನಿಂದ ಫೋನ್ ಬಂದರೆ, ಬೆರಳು ಇದ್ದಲ್ಲೇ ಇರಬೇಕು. ಒಂದು ಸಾಲು ಹಾರಿದರೆ ಮುಂದಿನದೆಲ್ಲ ಅಡಿಮೇಲಾಗುತ್ತದೆ. ಪಂಪ್ ಆರಿಸುವುದು, ಇಂಜಿನ್ ನಿಲ್ಲಿಸುವಂಥ ಹಿಂದಿರುಗಲಾಗದ ಕೆಲಸವಾದರೆ ಸ್ವಿಚ್ಚಿನ ಮೇಲೆ ಕೈ ಇಟ್ಟು, 'ಇದೇನಾ?' ಎಂದು ಕೇಳಿ, ಇನ್ನೊಬ್ಬರು ಕಣ್ಣಾರೆ ನೋಡಿ 'ಹೌದು, ಅದೇ' ಎಂದ ಮೇಲೆಯೇ ಒತ್ತುವುದು. ಇಪ್ಪತ್ತು ನಿಮಿಷ ಹೀಗೆ ಹೋಗುತ್ತದೆ. ಆಮೇಲೆ ಏಟಿಸಿ, ಕಂಪನಿ, ಕ್ಯಾಬಿನ್ ಸಿಬ್ಬಂದಿ. ಪ್ರಯಾಣಿಕರ ಸರದಿ ಕೊನೆಗೆ ಬರುತ್ತದೆ, ಏಕೆಂದರೆ ಅಷ್ಟು ಹೊತ್ತಿಗೆ ಹೇಳಲು ಖಚಿತವಾದದ್ದು ಕೈಯಲ್ಲಿರುತ್ತದೆ. ಅರ್ಧ ಗೊತ್ತಿರುವಾಗ ಮೈಕ್ ಹಿಡಿಯುವ ಕ್ಯಾಪ್ಟನ್‌ಗಿಂತ, ಕೆಲಸ ಮುಗಿಸಿ ಎರಡು ವಾಕ್ಯ ಹೇಳುವವರ ಹಿಂದೆ ಕೂರಲು ನನಗೆ ಇಷ್ಟ.

ಈ ಪದ್ಧತಿ ಸುಮ್ಮನೆ ಬಂದದ್ದಲ್ಲ. 1972ರ ಡಿಸೆಂಬರ್ 29ರ ರಾತ್ರಿ, ನ್ಯೂಯಾರ್ಕ್‌ನಿಂದ ಮಯಾಮಿಗೆ ಬರುತ್ತಿದ್ದ ಈಸ್ಟರ್ನ್ ಕಂಪನಿಯ 401ನೇ ವಿಮಾನ, ಲಾಕ್‌ಹೀಡ್ ಟ್ರೈಸ್ಟಾರ್ ಜೆಟ್. ಇಳಿಯುವಾಗ ಮೂತಿಚಕ್ರದ ಹಸಿರು ದೀಪ ಹತ್ತಲಿಲ್ಲ. 2000 ಅಡಿಗೆ ಏರಿ, ಆಟೋಪೈಲಟ್ ಹಾಕಿ, ದೀಪವನ್ನು ಬಿಚ್ಚಿ ನೋಡಲು ಶುರು ಮಾಡಿದರು. ಬಿಚ್ಚಿದ್ದು ಮತ್ತೆ ಕೂರಿಸುವಾಗ ಸಿಕ್ಕಿಹಾಕಿಕೊಂಡಿತು. ಕ್ಯಾಪ್ಟನ್, ಕೋಪೈಲಟ್ ಇಬ್ಬರೂ ಅದರಲ್ಲೇ ಮುಳುಗಿದರು. ಫ್ಲೈಟ್ ಇಂಜಿನಿಯರ್ ಡಾನ್ ರೆಪೊ ನೆಲದ ಮುಚ್ಚಳ ತೆಗೆದು ಕೆಳಗಿಳಿದು ಚಕ್ರ ಕಾಣುತ್ತದೆಯೇ ಎಂದು ನೋಡಲು ಹೋದರು. ಆ ನಡುವೆ ಎತ್ತರ ಹಿಡಿದಿಡುವ ಆಟೋಪೈಲಟ್ ಕ್ರಮ ಯಾರಿಗೂ ತಿಳಿಯದೆ ಬಿಟ್ಟುಹೋಗಿತ್ತು. ವಿಮಾನ ಮೆಲ್ಲಗೆ ಇಳಿಯತೊಡಗಿತು. ಎತ್ತರ ತಪ್ಪಿದರೆ ಬಾರಿಸುವ ಎಚ್ಚರಿಕೆಯ ನಾದ ಬಾರಿಸಿತು, ಅದು ಕೇಳಿಸುತ್ತಿದ್ದದ್ದು ಇಂಜಿನಿಯರ್ ಸೀಟಿನ ಬಳಿ, ಆ ಸೀಟು ಖಾಲಿ. ಕೆಳಗೆ ಎವರ್‌ಗ್ಲೇಡ್ಸ್ ಜೌಗು, ಒಂದು ದೀಪವೂ ಇಲ್ಲದ ಕತ್ತಲೆ. 176 ಜನರಲ್ಲಿ 101 ಮಂದಿ ಸತ್ತರು. ಚಕ್ರ ಇಳಿದೇ ಇತ್ತು. ಸುಟ್ಟುಹೋಗಿದ್ದದ್ದು ದೀಪದ ಬಲ್ಬು ಮಾತ್ರ.

ತರಬೇತಿಯಲ್ಲಿ ಇದನ್ನು ಕೇಳಿದ ದಿನದಿಂದ ಆ ಖಾಲಿ ಸೀಟು ನನ್ನ ತಲೆಯಲ್ಲಿ ಕೂತಿದೆ. ನಿಮ್ಮ ಪೈಲಟ್‌ಗಳಲ್ಲಿ ಒಬ್ಬರು ಆ ಇಪ್ಪತ್ತು ನಿಮಿಷವೂ ಎತ್ತರ, ವೇಗ, ದಿಕ್ಕು ಬಿಟ್ಟು ಬೇರೇನನ್ನೂ ನೋಡಿರುವುದಿಲ್ಲ. ಅಮ್ಮನವರಿಗೆ ಇದನ್ನು ಹೇಳಿ.

---

ಕಡಲತಡಿ:

ಸರ್ ಬಾಗಿಲ ಆಚೆಯದನ್ನು ಹೇಳಿದರು, ಈಚೆಯದನ್ನು ನಾನು ಹೇಳುತ್ತೇನೆ. ಮಂಗಳೂರಿನವಳು, ಹಿಂದೆ ಕ್ಯಾಬಿನ್ ಕ್ರೂ ಆಗಿದ್ದೆ, ಆಮೇಲೆ ಹೊಸಬರಿಗೆ ತರಬೇತಿ ಕೊಡುತ್ತಿದ್ದೆ.

ಆ ಫೋನ್ ಸುಮ್ಮನೆ ಮಾತಾಡಿದ್ದಲ್ಲ. ಕ್ಯಾಪ್ಟನ್ ನಾಲ್ಕು ವಿಷಯ ಅದೇ ಕ್ರಮದಲ್ಲಿ ಹೇಳುತ್ತಾರೆ: ತೊಂದರೆ ಏನು, ಏನು ಮಾಡಲಿದ್ದೇವೆ, ಎಷ್ಟು ಸಮಯ ಇದೆ, ವಿಶೇಷ ಸೂಚನೆ ಏನಾದರೂ ಇದೆಯೇ. ಸೀನಿಯರ್ ಅದನ್ನು ಬರೆದುಕೊಂಡು ವಾಪಸ್ ಓದಿ ಹೇಳಬೇಕು. ನೀವು ನೋಡಿದ್ದು ಅದನ್ನೇ. ಆಮೇಲೆ ಹಿಂದಿನವರಿಗೆ ಅದೇ ನಾಲ್ಕು ಮಾತು, ಅದೇ ಕ್ರಮ. ಬಾಯಿಂದ ಬಾಯಿಗೆ ಹೋಗುವಾಗ ಮಾತು ಕೆಡಬಾರದು.

ಆ ನಗುವಿನ ಬಗ್ಗೆ ಅಮ್ಮ ಬೇಸರ ಮಾಡಿಕೊಂಡಿದ್ದಾರೆ, ಅರ್ಥವಾಗುತ್ತದೆ. ಆದರೆ ಅವರು ನಡೆದುಹೋಗುವಾಗ ಸುಮ್ಮನೆ ಹೋಗಿರುವುದಿಲ್ಲ. ಯಾರ ಮಡಿಲಲ್ಲಿ ಮಗು ಇದೆ, ಯಾರಿಗೆ ನಡೆಯಲು ಆಗುವುದಿಲ್ಲ, ಯಾರು ಹೆದರಿ ಬಿಳಿಚಿಕೊಂಡಿದ್ದಾರೆ, ತುರ್ತು ಬಾಗಿಲ ಪಕ್ಕ ಕೂತವರು ಗಟ್ಟಿ ಆಳೇ, ಯಾವ ಬ್ಯಾಗು ದಾರಿಗೆ ಅಡ್ಡ ಇದೆ, ಎಲ್ಲವನ್ನೂ ಕಣ್ಣಲ್ಲೇ ಲೆಕ್ಕ ಹಾಕಿರುತ್ತಾರೆ. ಇಳಿಯುವ ಮುಂಚೆ ತಮ್ಮ ಸೀಟಿನಲ್ಲಿ ಕೂತು ಮಾತಿಲ್ಲದೆ ಮನಸ್ಸಿನಲ್ಲೇ ಒಂದೊಂದಾಗಿ ನೆನೆಸಿಕೊಳ್ಳುತ್ತಾರೆ: ನನ್ನ ಬಾಗಿಲು ಯಾವುದು, ಹೇಗೆ ತೆಗೆಯುವುದು, ಹೊರಗೆ ಬೆಂಕಿ ಕಂಡರೆ ಯಾವ ಕಡೆ ಕಳಿಸುವುದು, ಕೂಗಿ ಹೇಳಬೇಕಾದ ಮಾತೇನು. ಪ್ರತಿ ಟೇಕಾಫ್, ಪ್ರತಿ ಲ್ಯಾಂಡಿಂಗ್‌ಗೂ ಇದು ಇದ್ದದ್ದೇ. ನನ್ನ ಮುಖದಲ್ಲಿ ಗಾಬರಿ ಕಂಡರೆ ಹಿಂದಿನ ಮೂವತ್ತು ಸಾಲಿಗೂ ಅದು ಹಬ್ಬುತ್ತದೆ, ಆಗ ನಾನು ಹೇಳುವ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಆ ನಗು ಕೆಲಸದ ಭಾಗ, ಅದರಲ್ಲಿ ಮೋಸ ಇಲ್ಲ.

ಇನ್ನೊಂದು ವಿಷಯ ಹೇಳಲೇಬೇಕು, ತರಬೇತಿಯಲ್ಲಿ ಎಲ್ಲಕ್ಕಿಂತ ಒತ್ತಿ ಹೇಳುತ್ತಿದ್ದದ್ದು ಇದನ್ನೇ. 1989ರ ಜನವರಿ 8, ಲಂಡನ್ನಿನಿಂದ ಬೆಲ್‌ಫಾಸ್ಟ್‌ಗೆ ಹೊರಟ ಬ್ರಿಟಿಷ್ ಮಿಡ್‌ಲ್ಯಾಂಡ್ 737-400. ಎಡ ಇಂಜಿನ್ನಿನ ಫ್ಯಾನಿನ ಒಂದು ಅಲಗು ಮುರಿಯಿತು. ಕ್ಯಾಬಿನ್‌ಗೆ ಹೊಗೆ ಬಂತು, ವಿಮಾನ ನಡುಗಿತು. ಪೈಲಟ್‌ಗಳು ಕೆಟ್ಟದ್ದು ಬಲ ಇಂಜಿನ್ ಎಂದುಕೊಂಡು ಚೆನ್ನಾಗಿದ್ದ ಅದನ್ನೇ ನಿಲ್ಲಿಸಿಬಿಟ್ಟರು. ಆ ಹೊತ್ತಿಗೆ ನಡುಕವೂ ಕಡಿಮೆಯಾದ್ದರಿಂದ ಮಾಡಿದ್ದು ಸರಿ ಎನ್ನಿಸಿತು. ಕ್ಯಾಪ್ಟನ್ ಮೈಕಿನಲ್ಲಿ ಬಲ ಇಂಜಿನ್ ತೊಂದರೆ ಕೊಟ್ಟಿತ್ತು, ನಿಲ್ಲಿಸಿದ್ದೇವೆ ಎಂದರು. ಹಿಂದೆ ಕೂತ ಹಲವರು ಎಡ ಇಂಜಿನ್‌ನಿಂದ ಕಿಡಿ, ಬೆಂಕಿ ಬರುವುದನ್ನು ಕಣ್ಣಾರೆ ಕಂಡಿದ್ದರು, ಕ್ಯಾಬಿನ್ ಸಿಬ್ಬಂದಿಯಲ್ಲೂ ಕಂಡವರಿದ್ದರು. ಬಲ ಎಂದದ್ದು ಕೇಳಿಯೂ ಯಾರೂ ಹೋಗಿ ಹೇಳಲಿಲ್ಲ, ಪೈಲಟ್‌ಗೆ ಗೊತ್ತಿಲ್ಲದ್ದು ನಮಗೇನು ಗೊತ್ತು ಎಂದು. ಇಳಿಯುವಾಗ ಎಡ ಇಂಜಿನ್ ಪೂರ್ತಿ ಕೈಕೊಟ್ಟಿತು. ರನ್‌ವೇ ತಲುಪುವ ಮೊದಲೇ ಕೆಗ್‌ವರ್ತ್ ಊರಿನ ಬಳಿ ಹೆದ್ದಾರಿಯ ದಂಡೆಗೆ ಬಡಿಯಿತು. 126 ಜನರಲ್ಲಿ 47 ಮಂದಿ ಹೋದರು.

ಅದಕ್ಕೇ ಹೇಳುತ್ತೇನೆ, ಕಿಟಕಿಯಲ್ಲಿ ಏನಾದರೂ ವಿಚಿತ್ರ ಕಂಡರೆ ಬೆಲ್ ಒತ್ತಿ ಹೇಳಿ. ಇವಳಿಗೇನು ತಿಳಿಯುತ್ತದೆ ಎಂದು ನಾವು ಅಂದುಕೊಳ್ಳುವುದಿಲ್ಲ.

---

ಸಾಗರದ ಮಗಳು:

ಸರ್, ಮೇಡಂ, ಇಬ್ಬರಿಗೂ ತುಂಬಾ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ. ಆ ಹುಡುಗಿ ಮಡಿಲ ಮಗು, ಬ್ಯಾಗು ಎಲ್ಲ ನೋಡಿಕೊಂಡು ಹೋದದ್ದು ಕೇಳಿ 'ಹೌದು, ನನ್ನ ಕೈಚೀಲ ಕಾಲ ಕೆಳಗೆ ಸರಿಸಿಟ್ಟಿದ್ದು ಅವಳೇ' ಎಂದರು.

ನನಗೆ ಈಗ ಬೇರೆ ಪ್ರಶ್ನೆ. ಸರ್, ನಿಮ್ಮ ಆ ಮೂರನೇ ಸೀಟೇ ಈಗ ಇಲ್ಲವಲ್ಲ. ಇಬ್ಬರೇ ಇರುವುದು. ಒಬ್ಬರು ಹಾರಿಸುವುದರಲ್ಲೇ ಇದ್ದರೆ, ದೊಡ್ಡ ತೊಂದರೆ ಬಂದಾಗ ಉಳಿದ ಒಬ್ಬರಿಂದ ಆಗುತ್ತದೆಯೇ?

---

ಮೂರನೇ ಸೀಟು:

ಒಳ್ಳೆಯ ಪ್ರಶ್ನೆ ತಂಗಿ. ನನ್ನ ಸೀಟು ಹೋದಾಗ ನನಗೂ ಇದೇ ಚಿಂತೆ ಇತ್ತು.

ನನ್ನ ಪ್ಯಾನೆಲ್ಲಿನ ಕೆಲಸದ ಬಹುಪಾಲನ್ನು ಕಂಪ್ಯೂಟರ್ ವಹಿಸಿಕೊಂಡಿದೆ. ಎ320ರಲ್ಲಿ ಏನಾದರೂ ಕೆಟ್ಟರೆ ನಡುವಿನ ಪರದೆಯ ಮೇಲೆ ಏನು ಕೆಟ್ಟಿದೆ, ಏನು ಮಾಡಬೇಕು ಎಂದು ಸಾಲುಸಾಲಾಗಿ ಬರುತ್ತದೆ. ಮಾಡಿದ ಸಾಲು ಪರದೆಯಿಂದ ಹೋಗುತ್ತದೆ. ನಾನು ಬೆರಳಿಟ್ಟು ಮಾಡುತ್ತಿದ್ದದ್ದನ್ನು ಅದು ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ.

ಮೂರು ಜನ ಇದ್ದ ಮಾತ್ರಕ್ಕೆ ಸುರಕ್ಷಿತ ಎಂದೂ ಅಲ್ಲ. 1978ರ ಡಿಸೆಂಬರ್ 28, ಅಮೆರಿಕದ ಪೋರ್ಟ್‌ಲ್ಯಾಂಡ್, ಯುನೈಟೆಡ್ 173, ಡಿಸಿ-8. ಚಕ್ರ ಇಳಿಸುವಾಗ ನಿಮ್ಮ ಹಾಗೆಯೇ ದೊಡ್ಡ ಸದ್ದಾಯಿತು, ಚಕ್ರದ ದೀಪ ಸರಿಯಾಗಿ ಹತ್ತಲಿಲ್ಲ. ತುಕ್ಕು ಹಿಡಿದ ಸರಳು ಕಿತ್ತುಹೋಗಿ ಚಕ್ರ ದಢಾರನೆ ಬಿದ್ದಿತ್ತು. ಬಿದ್ದು ಸರಿಯಾಗಿಯೇ ಲಾಕ್ ಆಗಿತ್ತು. ಕ್ಯಾಪ್ಟನ್ ಪ್ರಯಾಣಿಕರನ್ನು ಸಿದ್ಧಪಡಿಸಲು ಬೇಕಾದಷ್ಟು ಸಮಯ ಕೊಡೋಣ ಎಂದು ಸುಮಾರು ಒಂದು ಗಂಟೆ ಸುತ್ತಿದರು. ಒಳ್ಳೆಯ ಉದ್ದೇಶವೇ. ಫ್ಲೈಟ್ ಇಂಜಿನಿಯರ್ ಇಂಧನ ಕಡಿಮೆಯಾಗುತ್ತಿದೆ ಎಂದು ಹೇಳಿದರು. ಆದರೆ ಸಾಹೇಬರ ಮನಸ್ಸು ಚಕ್ರದಲ್ಲಿತ್ತು, ಇವರ ಮಾತು ಅದನ್ನು ಭೇದಿಸುವಷ್ಟು ಗಟ್ಟಿಯಾಗಿ ಬರಲಿಲ್ಲ. ನಾಲ್ಕೂ ಇಂಜಿನ್ ಒಂದಾದ ಮೇಲೊಂದು ನಿಂತವು. ಊರಂಚಿನ ಮರಗಳ ನಡುವೆ ಬಿತ್ತು. 189 ಜನರಲ್ಲಿ ಹತ್ತು ಮಂದಿ ಸತ್ತರು, ಆ ಇಂಜಿನಿಯರ್ ಅವರಲ್ಲೊಬ್ಬರು.

ಅವರು ಕೂತಿದ್ದ ಜಾಗದಲ್ಲೇ ನಾನೂ ಕೂತು ಬಂದವನು. ಹಿರಿಯ ಕ್ಯಾಪ್ಟನ್ ಮುಂದೆ ದನಿ ಏರಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನಮ್ಮ ಕಾಲದಲ್ಲಿ ಸಾಹೇಬರು ಅಂದರೆ ಸಾಹೇಬರೇ. ಆ ಅಪಘಾತದ ತನಿಖೆಯಾದ ಮೇಲೆ ಕ್ಯಾಪ್ಟನ್‌ಗೆ ಕೇಳಿಸಿಕೊಳ್ಳುವುದನ್ನೂ, ಕೈಕೆಳಗಿನವರಿಗೆ ಗಟ್ಟಿಯಾಗಿ ಹೇಳುವುದನ್ನೂ ಕಲಿಸಬೇಕು ಎಂಬ ಮಾತು ಬಂತು. ಯುನೈಟೆಡ್ ಕಂಪನಿಯೇ 1981ರಲ್ಲಿ ಅಂಥ ತರಬೇತಿ ಶುರು ಮಾಡಿತು. ಇಂದು ನಮ್ಮಲ್ಲೂ ಪೈಲಟ್‌ಗೂ ಕ್ಯಾಬಿನ್ ಸಿಬ್ಬಂದಿಗೂ ಅದು ಕಡ್ಡಾಯ. ನನ್ನ ಮಟ್ಟಿಗೆ, ಈ ನೂರಿಪ್ಪತ್ತು ವರ್ಷದ ವಿಮಾನಯಾನದಲ್ಲಿ ಜೆಟ್ ಇಂಜಿನ್ ಆದ ಮೇಲೆ ಅತಿ ಹೆಚ್ಚು ಜೀವ ಉಳಿಸಿದ್ದು ಇದೇ.

ಪೋರ್ಟ್‌ಲ್ಯಾಂಡ್ ಅಪಘಾತದ ಹತ್ತು ವರ್ಷದ ನಂತರ ಅದೇ ಕಂಪನಿಯ ಇನ್ನೊಂದು ವಿಮಾನ, ಯುನೈಟೆಡ್ 232. 1989ರ ಜುಲೈ 19. ಡಿಸಿ-10ರ ಬಾಲದ ಇಂಜಿನ್ ಸಿಡಿದು ಮೂರೂ ಹೈಡ್ರಾಲಿಕ್ ಹೋದವು. ಚುಕ್ಕಾಣಿಯೇ ಇಲ್ಲ. ಪ್ರಯಾಣಿಕನಾಗಿ ಕೂತಿದ್ದ ತರಬೇತುದಾರ ಪೈಲಟ್ ಡೆನ್ನಿಸ್ ಫಿಚ್ 'ನನ್ನಿಂದ ಏನಾದರೂ ಆಗುತ್ತದೆಯೇ' ಎಂದು ಹೇಳಿ ಕಳಿಸಿದರು. ಕ್ಯಾಪ್ಟನ್ ಆಲ್ ಹೇನ್ಸ್ ಅವರನ್ನು ಒಳಗೆ ಕರೆದು ಇಂಜಿನ್ ಲಿವರುಗಳನ್ನು ಅವರ ಕೈಗೇ ಕೊಟ್ಟರು. ಎರಡು ಇಂಜಿನ್‌ಗಳ ಬಲವನ್ನು ಹೆಚ್ಚು ಕಡಿಮೆ ಮಾಡುತ್ತಾ ನಲವತ್ತಕ್ಕೂ ಹೆಚ್ಚು ನಿಮಿಷ ವಿಮಾನವನ್ನು ಹಿಡಿದು ಸೂ ಸಿಟಿ ರನ್‌ವೇವರೆಗೆ ತಂದರು. 296 ಜನರಲ್ಲಿ 184 ಮಂದಿ ಬದುಕಿದರು. ಹೇನ್ಸ್ ಆಮೇಲೆ ಎಲ್ಲೆಡೆ ಹೇಳಿದ್ದು ಒಂದೇ, ಆ ತರಬೇತಿ ಇಲ್ಲದಿದ್ದರೆ ಇಷ್ಟೂ ಸಾಧ್ಯವಿರಲಿಲ್ಲ ಎಂದು.

ಇನ್ನು ಕಂಪ್ಯೂಟರ್ ಮತ್ತು ಮನುಷ್ಯ ಎರಡೂ ಇರುವ ನಮ್ಮ ಕಾಲದ್ದು. 2010ರ ನವೆಂಬರ್ 4, ಕ್ವಾಂಟಸ್ 32, ಸಿಂಗಪುರದಿಂದ ಸಿಡ್ನಿಗೆ ಹೊರಟ ಏರ್‌ಬಸ್ ಎ380. ಒಳಗೆ 469 ಜನ. ಸುಮಾರು 7000 ಅಡಿಯಲ್ಲಿ ಎಡಗಡೆಯ ಒಳ ಇಂಜಿನ್ ಸಿಡಿಯಿತು. ಕಾರಣ ಒಂದು ಪುಟ್ಟ ಎಣ್ಣೆಯ ಕೊಳವೆ. ತಯಾರಿಸುವಾಗ ಅದರೊಳಗಿನ ಕೊರೆತ ಸ್ವಲ್ಪ ಪಕ್ಕಕ್ಕೆ ಸರಿದಿತ್ತು. ಒಂದು ಕಡೆ ಗೋಡೆ ತೆಳುವಾಗಿ ಬಿರುಕು ಬಿಟ್ಟು, ಎಣ್ಣೆ ಸೋರಿ ಒಳಗೆ ಉರಿದು, ಟರ್ಬೈನಿನ ಚಕ್ರ ಒಡೆದು ರೆಕ್ಕೆಯನ್ನು ತೂರಿಕೊಂಡು ಹೋಯಿತು. ನೂರಾರು ತಂತಿಗಳು ಕತ್ತರಿಸಿಹೋದವು.

ಪರದೆಯ ಮೇಲೆ ಹತ್ತಾರು ಸಂದೇಶ ಒಟ್ಟಿಗೇ ಸುರಿದವು. ಅಂದು ಕಾಕ್‌ಪಿಟ್‌ನಲ್ಲಿ ಐದು ಜನ ಪೈಲಟ್‌ಗಳಿದ್ದದ್ದು ಅದೃಷ್ಟ, ಪರೀಕ್ಷಕರು ಇಬ್ಬರು ಸೇರಿ. ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ ತಾವು ಹಾರಿಸುವುದನ್ನು ಹಿಡಿದುಕೊಂಡರು, ಫಸ್ಟ್ ಆಫೀಸರ್ ಮ್ಯಾಟ್ ಹಿಕ್ಸ್ ಸಂದೇಶಗಳನ್ನು. ಸುಮಾರು 50 ನಿಮಿಷ ಸುತ್ತುತ್ತಾ ಒಂದೊಂದಾಗಿ ಮುಗಿಸಿದರು. ಕಂಪ್ಯೂಟರ್ ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಮಾಡಲಿಲ್ಲ, ನೋಡಿ. ರೆಕ್ಕೆಗಳ ಇಂಧನ ಸಮತೋಲ ತಪ್ಪಿದೆ, ಆ ಕಡೆಯಿಂದ ಈ ಕಡೆಗೆ ಹರಿಸು ಎಂದು ಅದು ಹೇಳುತ್ತಿತ್ತು. ತೂತು ಬಿದ್ದ ರೆಕ್ಕೆಗೆ ಇಂಧನ ಹರಿಸುವುದು ಬೇಡ ಎಂದು ಇವರು ತೀರ್ಮಾನಿಸಿದರು. ಒಂದು ಹಂತದಲ್ಲಿ ಕ್ಯಾಪ್ಟನ್ ಯೋಚನೆಯನ್ನೇ ತಿರುಗಿಸಿದರು: ಏನೇನು ಹೋಗಿದೆ ಎಂಬ ಪಟ್ಟಿ ಮುಗಿಯುವಂತಿಲ್ಲ, ಇಳಿಯಲು ಬೇಕಾದದ್ದರಲ್ಲಿ ಏನೇನು ಉಳಿದಿದೆ ಅದನ್ನು ನೋಡೋಣ ಎಂದು. ಈ ಮಾತನ್ನು ನಾನು ಬಹಳ ಮೆಚ್ಚುತ್ತೇನೆ.

ಮೇಡಂ ಹೇಳಿದ್ದಕ್ಕೆ ಇಲ್ಲೊಂದು ಸಾಕ್ಷಿ ಇದೆ. ಹಾನಿ ನೋಡಲು ಒಬ್ಬ ಪೈಲಟ್ ಕ್ಯಾಬಿನ್‌ಗೆ ಬಂದರು. ಪ್ರಯಾಣಿಕರಲ್ಲಿ ಅದೇ ಕಂಪನಿಯ ಪೈಲಟ್ ಒಬ್ಬರಿದ್ದರು, ಅವರು ಸೀಟಿನ ಟಿವಿಯಲ್ಲಿ ಬರುತ್ತಿದ್ದ ಬಾಲದ ಕ್ಯಾಮೆರಾದ ದೃಶ್ಯ ತೋರಿಸಿದರು. ಎಡ ರೆಕ್ಕೆಯಿಂದ ದ್ರವ ಸೋರಿ ಹಿಂದೆ ಗೆರೆಯಂತೆ ಹೋಗುತ್ತಿತ್ತು.

ಸಿಂಗಪುರದ ಚಾಂಗಿ ನಿಲ್ದಾಣದ ಸುಮಾರು 4000 ಮೀಟರ್ ರನ್‌ವೇಗೆ, ಮಿತಿಗಿಂತ ಹತ್ತಾರು ಟನ್ ಭಾರದಲ್ಲಿ, ಚಕ್ರವನ್ನು ನಿಮ್ಮ ವಿಮಾನದ ಹಾಗೆಯೇ ಅದರ ಭಾರಕ್ಕೇ ಬೀಳಿಸಿ ಇಳಿದರು. ರನ್‌ವೇ ತುದಿ ಹತ್ತಿರದಲ್ಲೇ ನಿಂತಿತು. ಆಮೇಲೂ ಕೆಲಸ ಮುಗಿಯಲಿಲ್ಲ. ಬ್ರೇಕುಗಳು 900 ಡಿಗ್ರಿವರೆಗೆ ಕಾದಿದ್ದವು, ಪಕ್ಕದಲ್ಲೇ ಇಂಧನ ಸೋರುತ್ತಿತ್ತು, ಒಂದನೇ ಇಂಜಿನ್ ನಿಲ್ಲಿಸಿದರೂ ನಿಲ್ಲುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತುರ್ತು ಬಾಗಿಲಿನ ಜಾರುಬಂಡೆ ಬಿಚ್ಚಿ ಓಡಿ ಎಂದುಬಿಡುತ್ತಿದ್ದರು. ಇವರು ಲೆಕ್ಕ ಹಾಕಿದರು: ಅಷ್ಟು ಎತ್ತರದಿಂದ ಜಾರಿದರೆ ಮುದುಕರು, ಮಕ್ಕಳು ಕೈಕಾಲು ಮುರಿದುಕೊಳ್ಳುತ್ತಾರೆ, ಕೆಳಗೆ ಇಂಧನ, ಪಕ್ಕದಲ್ಲಿ ಓಡುತ್ತಿರುವ ಇಂಜಿನ್. ಒಳಗೇ ಇರುವುದು ಕ್ಷೇಮ. ಕ್ಯಾಬಿನ್ ಸಿಬ್ಬಂದಿ ಯಾವ ಕ್ಷಣಕ್ಕಾದರೂ ಬಾಗಿಲು ತೆಗೆಯಲು ಸಿದ್ಧರಾಗಿ ನಿಂತರು. ಅಗ್ನಿಶಾಮಕದವರು ನೊರೆ ಹಾಕಿ ತಣಿಸಿದ ಮೇಲೆ ಬಲಗಡೆಯ ಒಂದೇ ಬಾಗಿಲಿಗೆ ಮೆಟ್ಟಿಲು ಹಚ್ಚಿ ಎಲ್ಲರನ್ನೂ ಇಳಿಸಿದರು. 469 ಜನರಲ್ಲಿ ಒಬ್ಬರಿಗೂ ಗಾಯವಿಲ್ಲ. ಆ ಇಂಜಿನ್ ನಿಂತದ್ದು ಸುಮಾರು ಮೂರು ಗಂಟೆಯಾದ ಮೇಲೆ.

ಇಬ್ಬರೇ ಇದ್ದಿದ್ದರೆ ಆಗುತ್ತಿತ್ತೇ? ಕೆಲಸ ಇನ್ನೂ ಕಷ್ಟವಾಗುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಕಾಕ್‌ಪಿಟ್‌ಗೆ ಒಬ್ಬರೇ ಸಾಕು ಎಂಬ ಮಾತು ಈಗ ಅಲ್ಲಲ್ಲಿ ಕೇಳಿಬರುತ್ತಿದೆ, ಅದಕ್ಕೆ ನನ್ನ ಪೂರ್ತಿ ವಿರೋಧವಿದೆ. ನಿಮ್ಮ ವಿಮಾನದ ತೊಂದರೆಗೆ ಮಾತ್ರ ಇಬ್ಬರು ಧಾರಾಳ ಸಾಕು. ಸಿಮ್ಯುಲೇಟರ್‌ನಲ್ಲಿ ಅವರು ಅದನ್ನು ಮತ್ತೆ ಮತ್ತೆ ಮಾಡಿರುತ್ತಾರೆ.

---

ಸಾಗರದ ಮಗಳು:

ಸರ್, ಅಮ್ಮ ಪಕ್ಕದಲ್ಲೇ ಕೂತು ಕೇಳಿದರು. ಅಣ್ಣ ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡುತ್ತೇನೆ ಅಂತಿದ್ದ, ಸ್ವಲ್ಪ ತಡಿ ಎಂದಿದ್ದಾರೆ. ಅವರದ್ದು ಒಂದೇ ಪ್ರಶ್ನೆ ಉಳಿದಿದೆ: 'ಹಾಗೆ ಬೀಳಿಸಿದ ಚಕ್ರ ಗಟ್ಟಿಯಾಗಿ ನಿಂತಿದೆ ಅಂತ ಮೇಲೆ ಕೂತವರಿಗೆ ಹೇಗೆ ಗೊತ್ತಾಗುತ್ತೆ? ದೀಪ ಸುಟ್ಟು ಹೋಗಿದ್ದರೆ?'

---

ಮೂರನೇ ಸೀಟು:

ಅಮ್ಮನವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ನನ್ನ ಶಿಷ್ಯರಲ್ಲಿ ಎಲ್ಲರೂ ಇದನ್ನು ಕೇಳುತ್ತಿರಲಿಲ್ಲ.

ಚಕ್ರ ಪೂರ್ತಿ ಇಳಿದಾಗ ಅದರ ಕಾಲಿನ ಮಡಚುವ ಕೀಲನ್ನು ಸ್ಪ್ರಿಂಗುಗಳು ನೇರ ಮಾಡಿ ಹಿಡಿಯುತ್ತವೆ. ಅದಕ್ಕೆ ಹೈಡ್ರಾಲಿಕ್ ಬೇಡ, ಕರೆಂಟೂ ಬೇಡ. ಹಾಗೆ ಹಿಡಿದಿದೆಯೇ ಎಂದು ನೋಡಲು ಎ320ರಲ್ಲಿ ಎರಡು ಬೇರೆ ಬೇರೆ ಕಂಪ್ಯೂಟರುಗಳಿವೆ, ಒಂದೊಂದಕ್ಕೂ ತನ್ನದೇ ಸೆನ್ಸರುಗಳು. ಮುಂದಿನ ಪ್ಯಾನೆಲ್ಲಿನಲ್ಲಿ ಮೂರು ಹಸಿರು ದೀಪ ಇವೆ. ಅದಲ್ಲದೆ ಕೆಳಗಿನ ಪರದೆಯಲ್ಲಿ ಪ್ರತಿ ಚಕ್ರಕ್ಕೂ ಎರಡೆರಡು ತ್ರಿಕೋನ, ಒಂದು ಮೊದಲ ಕಂಪ್ಯೂಟರಿನದು, ಇನ್ನೊಂದು ಎರಡನೆಯದರದು. ಒಂದು ಚಕ್ರಕ್ಕೆ ಎರಡರಲ್ಲಿ ಒಂದು ತ್ರಿಕೋನ ಹಸಿರಾಗಿ ಕಂಡರೂ ಚಕ್ರ ಭದ್ರವಾಗಿ ನಿಂತಿದೆ ಎಂದೇ ಲೆಕ್ಕ. ಬಲ್ಬು ಬಿಚ್ಚುವ ಕೆಲಸವೇ ಇಲ್ಲ.